ವೋಲ್ಟೇಜ್ ಏರಿಸುವ ಮುನ್ನ: ಎಲ್‌ಸಿ-ಎಂಎಸ್‌ನಲ್ಲಿ ಅಯಾನೀಕರಣ ಸುಧಾರಿಸುವ ಬಗೆ

ಎಲ್‌ಸಿ-ಎಂಎಸ್ ಉಪಕರಣ ಮಾದರಿಯ ಪದಾರ್ಥಗಳನ್ನು ಕಾಲಮ್ ಎಂಬ ಕೊಳವೆಯಲ್ಲಿ ಬೇರ್ಪಡಿಸಿ, ಆವೇಶ ಕೊಟ್ಟು ಅಯಾನುಗಳನ್ನಾಗಿಸಿ, ರಾಶಿಯಿಂದ ಗುರುತಿಸುತ್ತದೆ; ಪ್ರತಿ ಪದಾರ್ಥದ ಸಂಕೇತ ಪರದೆಯಲ್ಲಿ ಒಂದು ಶಿಖರವಾಗಿ, ಅಂದರೆ ಪೀಕ್ ಆಗಿ ಏಳುತ್ತದೆ. ಪೀಕ್ ಸಣ್ಣದಾಗಿದೆ ಎಂದು ಗೊತ್ತಾದ ಕೂಡಲೇ ಬಹಳ ಜನರ ಕೈ ಹೋಗುವುದು ಅಯಾನು ಆಕರದ, ಅಂದರೆ ಅಯಾನುಗಳು ಹುಟ್ಟುವ ಭಾಗದ ಸೆಟ್ಟಿಂಗ್‌ಗಳಿಗೆ. ವೋಲ್ಟೇಜ್ ಸ್ವಲ್ಪ ಏರಿಸುವುದು, ಅನಿಲದ ಬಿಸಿಯನ್ನು ಐವತ್ತು ಡಿಗ್ರಿ ಹೆಚ್ಚಿಸುವುದು, ಮತ್ತೆ ಇಂಜೆಕ್ಟ್ ಮಾಡುವುದು. ನಾನೂ ಅದನ್ನೇ ಮಾಡುತ್ತಿದ್ದೆ. ಒಮ್ಮೆ ವಾರವಿಡೀ ಹೀಗೆ ಗುಂಡಿ ತಿರುಗಿಸಿದ ಮೇಲೆ ಸಿಕ್ಕ ಲಾಭ ಮೂರನೇ ಒಂದು ಪಾಲೂ ಇರಲಿಲ್ಲ. ಎಂಟನೆಯ ದಿನ ಬೇರೇನೋ ಕಾರಣಕ್ಕೆ ಮೊಬೈಲ್ ಫೇಸ್ (ಮಾದರಿಯನ್ನು ಕಾಲಮ್ ಮೂಲಕ ಒಯ್ಯುವ ದ್ರಾವಕ) ಬಾಟಲಿ ಬದಲಿಸಿದೆ. ಪೀಕ್ ನಾಲ್ಕು ಪಟ್ಟಾಯಿತು. ಹಳೆಯ ಬಾಟಲಿಯನ್ನು ಡಿಟರ್ಜೆಂಟ್ ಹಾಕಿ ಬಹಳ ಶ್ರದ್ಧೆಯಿಂದ ತೊಳೆದಿಟ್ಟವನು ನಾನೇ.

ದ್ರವವನ್ನು ಆವೇಶ ಹೊತ್ತ ಹನಿಗಳಾಗಿ ಸಿಂಪಡಿಸಿ ಅಯಾನು ಮಾಡುವ ಎಲೆಕ್ಟ್ರೋಸ್ಪ್ರೇ ಎಂದರೆ ಹನಿಯ ಮೇಲ್ಮೈಯಲ್ಲಿ ಜಾಗಕ್ಕಾಗಿ ನಡೆಯುವ ನೂಕುನುಗ್ಗಲು. ನಮಗೆ ಬೇಕಾದ ಅಣು ಆ ನೂಕುನುಗ್ಗಲಿನಲ್ಲಿ ಹಿಂದೆ ಬಿದ್ದಿದ್ದರೆ ವೋಲ್ಟೇಜ್ ಅದನ್ನು ಮುಂದಕ್ಕೆ ತರುವುದಿಲ್ಲ. ಮುಂದೆ ನಿಂತವರನ್ನೇ ಇನ್ನಷ್ಟು ಜೋರಾಗಿ ಹೊರದೂಡುತ್ತದೆ. ಆದ್ದರಿಂದ ಈ ಬರಹದಲ್ಲಿ ಗುಂಡಿಗಳ ಸರದಿ ಬರುವುದು ಬಹಳ ತಡವಾಗಿ. ಮೊದಲು ಅಳತೆ, ಆಮೇಲೆ ಕೊಳೆ, ರಸಾಯನ, ಹರಿವು, ಮಾದರಿ.

ಹನಿಯಲ್ಲಿ ಆಗುವುದೇನು

ಕಾಲಮ್‌ನಿಂದ ಹೊರಟ ದ್ರವ ಒಂದು ಸಪೂರ ಕೊಳವೆಯ ತುದಿಗೆ ಬರುತ್ತದೆ. ಅಲ್ಲಿ ಸುಮಾರು 3 ಕಿಲೋವೋಲ್ಟ್ ಒತ್ತಡವಿರುತ್ತದೆ. ವಿದ್ಯುತ್ ಕ್ಷೇತ್ರ ದ್ರವದ ಮೂತಿಯನ್ನು ಶಂಕುವಿನಂತೆ ಎಳೆಯುತ್ತದೆ. 1964ರಲ್ಲಿ ಜೆಫ್ರಿ ಟೇಲರ್ ಇದರ ಲೆಕ್ಕ ಬಿಡಿಸಿದ್ದರಿಂದ ಅದಕ್ಕೆ ಟೇಲರ್ ಶಂಕು ಎಂದೇ ಹೆಸರು. ಅದರ ತುದಿಯಿಂದ ಆವೇಶ ಹೊತ್ತ ಹನಿಗಳು ಸಿಡಿಯುತ್ತವೆ. ಬಿಸಿ ನೈಟ್ರೋಜನ್‌ನಲ್ಲಿ ದ್ರಾವಕ ಆವಿಯಾಗುತ್ತಾ ಹನಿ ಕುಗ್ಗುತ್ತದೆ, ಆವೇಶ ಮಾತ್ರ ಹಾಗೆಯೇ ಉಳಿಯುತ್ತದೆ. ಒಂದು ಗಳಿಗೆಯಲ್ಲಿ ಆವೇಶಗಳು ಪರಸ್ಪರ ದೂಡುವ ಬಲ, ಹನಿಯನ್ನು ಹಿಡಿದಿಟ್ಟ ಮೇಲ್ಮೈ ಎಳೆತವನ್ನು ಮೀರುತ್ತದೆ. ಲಾರ್ಡ್ ರೇಲಿ 1882ರಲ್ಲೇ ಲೆಕ್ಕ ಹಾಕಿಟ್ಟಿದ್ದ ಮಿತಿ ಇದು. ಹನಿ ಮರಿಹನಿಗಳನ್ನು ಉಗುಳುತ್ತದೆ, ಅವು ಇನ್ನೂ ಸಣ್ಣವನ್ನು. ಕೊನೆಗೆ ಮೇಲ್ಮೈಯಲ್ಲಿದ್ದ ಅಯಾನುಗಳು ಅನಿಲಕ್ಕೆ ಹಾರುತ್ತವೆ. ಈ ವಿದ್ಯೆಯನ್ನು ದೊಡ್ಡ ಜೈವಿಕ ಅಣುಗಳಿಗೆ ಒಗ್ಗಿಸಿದ ಜಾನ್ ಫೆನ್ 2002ರ ರಸಾಯನವಿಜ್ಞಾನದ ನೊಬೆಲ್‌ನಲ್ಲಿ ಪಾಲು ಪಡೆದರು.

ಹೆಚ್ಚುವರಿ ಆವೇಶ ಇರುವುದು ಹನಿಯ ಮೇಲ್ಮೈಯಲ್ಲಿ ಮಾತ್ರ, ಮತ್ತು ಆ ಮೇಲ್ಮೈಗೆ ಮಿತಿಯಿದೆ. ಸಾಮಾನ್ಯ ಹರಿವಿನಲ್ಲಿ ಲೀಟರಿಗೆ ಸುಮಾರು 10 ಮೈಕ್ರೋಮೋಲ್ ದಾಟಿದ ಮೇಲೆ ಸಂಕೇತ ನೇರ ಗೆರೆ ಬಿಟ್ಟು ಬಾಗತೊಡಗುವುದು ಇದರಿಂದಲೇ. ನೀರನ್ನು ದೂರವಿಡುವ ಭಾಗವುಳ್ಳ ಅಣು ತಾನಾಗಿ ಮೇಲ್ಮೈಗೆ ಏರುತ್ತದೆ, ಚೆನ್ನಾಗಿ ಕಾಣಿಸುತ್ತದೆ. ಸಕ್ಕರೆಯಂಥ ನೀರುಪ್ರಿಯ ಅಣು ಹನಿಯ ಹೊಟ್ಟೆಯಲ್ಲೇ ಉಳಿದು ಲವಣದ ಜೊತೆ ಒಣಗಿಹೋಗುತ್ತದೆ. ಸೋಪು ಯಾಕೆ ಇಷ್ಟು ಕೆಡುಕು ಮಾಡುತ್ತದೆ ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ: ಮೇಲ್ಮೈಗೆ ಏರಿ ಕೂರುವುದೇ ಅದರ ಕಸುಬು.

ಹೆಜ್ಜೆ 1: ಅಳತೆಗೋಲು ಇಟ್ಟುಕೊಳ್ಳಿ, ರೋಗ ಎಲ್ಲಿದೆ ಎಂದು ತಿಳಿಯಿರಿ

ಯಾವುದನ್ನೂ ಬದಲಿಸುವ ಮೊದಲು ಮೂರು ದ್ರಾವಣಗಳನ್ನು ಸಿದ್ಧಮಾಡಿ. ಒಂದು, ಉಪಕರಣದ ಆರೋಗ್ಯ ಹೇಳುವ ಪರಿಚಿತ ಪದಾರ್ಥ. ರಿಸರ್ಪಿನ್ ಇದಕ್ಕೆ ಹಳೆಯ ಗೆಳೆಯ: ಧನ ಅಯಾನುಗಳನ್ನು ಅಳೆಯುವ ಧನ ಕ್ರಮದಲ್ಲಿ 609ರಲ್ಲಿ (ಇಂಥ ಸಂಖ್ಯೆಗಳು ಅಯಾನಿನ ರಾಶಿಯನ್ನು ಆವೇಶದಿಂದ ಭಾಗಿಸಿದವು) ಕಾಣಿಸುತ್ತದೆ, ಒಡೆದಾಗ 195 ಕೊಡುತ್ತದೆ. (ಸರ್ಪಗಂಧದ ಬೇರಿನಿಂದ ಬಂದ ಅದೇ ಔಷಧ. ರಕ್ತದೊತ್ತಡದ ಚಿಕಿತ್ಸೆಯಲ್ಲಿ ಹಿಂದೆ ಸರಿದರೂ ಮಾಸ್ ಸ್ಪೆಕ್ಟ್ರೋಮೀಟರ್‌ಗಳ ಮುಂದೆ ಇನ್ನೂ ನಿವೃತ್ತವಾಗಿಲ್ಲ.) ಎರಡು, ನಿಮ್ಮ ಪದಾರ್ಥ ಶುದ್ಧ ದ್ರಾವಕದಲ್ಲಿ. ಮೂರು, ಅದೇ ಪ್ರಮಾಣದ ನಿಮ್ಮ ಪದಾರ್ಥವನ್ನು, ಸಂಸ್ಕರಿಸಿ ಮುಗಿಸಿದ ಖಾಲಿ ಮಾದರಿಯ ಸಾರಕ್ಕೆ ಕೊನೆಯಲ್ಲಿ ಬೆರೆಸಿದ ದ್ರಾವಣ.

ಮೂರನ್ನೂ ಓಡಿಸಿದರೆ ದಾರಿ ತಾನೇ ಕಾಣುತ್ತದೆ. ರಿಸರ್ಪಿನ್ ಕೂಡ ಕುಸಿದಿದ್ದರೆ ತೊಂದರೆ ಉಪಕರಣದ್ದು ಅಥವಾ ದ್ರಾವಕದ್ದು. ಹೆಜ್ಜೆ 2ಕ್ಕೆ ಹೋಗಿ. ರಿಸರ್ಪಿನ್ ಚೆನ್ನಾಗಿದ್ದು ನಿಮ್ಮ ಪದಾರ್ಥ ಶುದ್ಧ ದ್ರಾವಕದಲ್ಲೇ ಸೊರಗಿದ್ದರೆ ತೊಂದರೆ ರಸಾಯನದ್ದು. ಶುದ್ಧ ದ್ರಾವಕದಲ್ಲಿ ಮೆರೆದು ಸಾರದಲ್ಲಿ ಮಂಕಾದರೆ ಜೊತೆಗಾರ ಪದಾರ್ಥಗಳು ಅದನ್ನು ಅದುಮುತ್ತಿವೆ ಎಂದರ್ಥ. ಅಂಥಲ್ಲಿ ಬಾಟಲಿ ಬದಲಿಸಿಯೂ ಪಿಎಚ್ ಹಿಡಿದಿಡುವ ಬಫರ್ ಬದಲಿಸಿಯೂ ಹೆಚ್ಚು ಪ್ರಯೋಜನವಿಲ್ಲ. ನೇರವಾಗಿ ಹೆಜ್ಜೆ 6ನ್ನು ನೋಡಿ.

ಅಳತೆಯ ಬಗ್ಗೆ ಒಂದು ಎಚ್ಚರಿಕೆ. ಪೀಕ್ ಎತ್ತರವಾಯಿತು ಎಂದರೆ ಸೂಕ್ಷ್ಮತೆ ಹೆಚ್ಚಿತು ಎಂದಲ್ಲ. ಸಂತೆಯಲ್ಲಿ ಪಿಸುಮಾತು ಕೇಳಬೇಕಾದರೆ ಮಾತನಾಡುವವನು ದನಿ ಏರಿಸಬಹುದು, ಇಲ್ಲವೇ ಸಂತೆ ಸುಮ್ಮನಾಗಬಹುದು. ಎರಡೂ ಒಟ್ಟಿಗೆ ಏರಿದರೆ ಏನೂ ಸಿಗದು. ಡಿಟೆಕ್ಟರ್ ವೋಲ್ಟೇಜ್ ಏರಿಸಿದಾಗ ಸಾಮಾನ್ಯವಾಗಿ ಆಗುವುದು ಇದೇ. ಇನ್ನು ಒಂದು ಅಯಾನನ್ನು ಆರಿಸಿ, ಒಡೆದು, ಅದರ ತುಣುಕನ್ನು ಅಳೆಯುವ ತ್ರಿವಳಿ ಕ್ವಾಡ್ರುಪೋಲ್ ಉಪಕರಣಗಳಲ್ಲಿ ಹಿನ್ನೆಲೆ ಕೆಲವೊಮ್ಮೆ ಸೊನ್ನೆಗೆ ಹತ್ತಿರವಿದ್ದು, ಸಂಕೇತ-ಗದ್ದಲ ಅನುಪಾತ ಎಂಬ ಸಂಖ್ಯೆಗೆ ಅರ್ಥವೇ ಇರುವುದಿಲ್ಲ. ನಾನು ನಂಬುವ ವಿಧಾನ ಬೇರೆ: ಪತ್ತೆಮಿತಿಗೆ ಹತ್ತಿರದ ಸಾಂದ್ರತೆಯನ್ನು ಏಳು ಬಾರಿ ಇಂಜೆಕ್ಟ್ ಮಾಡಿ, ಫಲಿತಾಂಶಗಳ ಪ್ರಮಾಣಿತ ವಿಚಲನೆಯನ್ನು 3.14ರಿಂದ ಗುಣಿಸಿ. ಆ ಸಂಖ್ಯೆ ಇಳಿದರೆ ಮಾತ್ರ ನಿಜವಾದ ಲಾಭ.

ಹೆಜ್ಜೆ 2: ಕೊಳೆ ತೆಗೆಯಿರಿ

ಎಲ್‌ಸಿ-ಎಂಎಸ್ ದರ್ಜೆಯ ದ್ರಾವಕಗಳನ್ನೇ ಬಳಸಿ. ಎಚ್‌ಪಿಎಲ್‌ಸಿ ದರ್ಜೆ ಎಂದರೆ ನೇರಳಾತೀತ ಡಿಟೆಕ್ಟರ್‌ಗೆ ಕಾಣದ ಕೊಳೆ, ಕೊಳೆಯೇ ಇಲ್ಲ ಎಂದಲ್ಲ. ಬಾಟಲಿಗಳನ್ನು ಡಿಟರ್ಜೆಂಟ್‌ನಿಂದ ತೊಳೆಯಬೇಡಿ. ಶುದ್ಧ ನೀರು, ಮೆಥನಾಲ್ ಅಥವಾ ಐಸೊಪ್ರೊಪನಾಲ್‌ನಿಂದ ಜಾಲಾಡಿಸಿ, ಅದೇ ಬಾಟಲಿಯನ್ನು ಅದೇ ದ್ರಾವಕಕ್ಕೆ ಮೀಸಲಿಡಿ. ನೀರಿನ ಬಾಟಲಿಗೆ ಮತ್ತೆ ಮತ್ತೆ ಮೇಲಿಂದ ತುಂಬಿಸಬೇಡಿ. ಒಂದು ವಾರದೊಳಗೆ ಬದಲಿಸಿ, ಇಲ್ಲವಾದರೆ ಅದರಲ್ಲಿ ಜೀವಿಗಳು ಮನೆ ಕಟ್ಟುತ್ತವೆ. ಫಾರ್ಮಿಕ್ ಆಮ್ಲವನ್ನು ಪ್ಲಾಸ್ಟಿಕ್ ತುದಿಯ ಪಿಪೆಟ್‌ನಿಂದ ಎಳೆಯುವ ಅಭ್ಯಾಸವಿದ್ದರೆ ಬಿಡಿ, ಗಾಜಿನದನ್ನು ಬಳಸಿ.

ಹಿನ್ನೆಲೆಯಲ್ಲಿ ಯಾರಿದ್ದಾರೆ ಎಂದು ತಿಳಿಯಲು ಯಾವ ಇಂಜೆಕ್ಷನ್ನೂ ಇಲ್ಲದೆ ಪೂರ್ಣ ಸ್ಕ್ಯಾನ್ ನೋಡಿ. ಕೆಲವು ಮುಖಗಳು ಕ್ಷಣದಲ್ಲಿ ಗುರುತಾಗುತ್ತವೆ. 44 ಅಂತರದಲ್ಲಿ ಏಣಿಯಂತೆ ನಿಂತ ಪೀಕ್‌ಗಳು ಪಾಲಿಎಥಿಲೀನ್ ಗ್ಲೈಕಾಲ್ ಅಥವಾ ಅದರ ನೆಂಟರಾದ ಡಿಟರ್ಜೆಂಟ್‌ಗಳು. 391.28 ಪ್ಲಾಸ್ಟಿಕ್‌ನಿಂದ ಇಳಿದ ಥ್ಯಾಲೇಟ್. 371.10 ಮತ್ತು 445.12 ಗಾಳಿಯಿಂದಲೇ ಬರುವ ಸಿಲಾಕ್ಸೇನ್‌ಗಳು. 338.34 ಪ್ಲಾಸ್ಟಿಕ್ ಚೀಲಗಳ ಜಾರುಗುಣಕ್ಕೆ ಬೆರೆಸುವ ಎರುಕಮೈಡ್. ಋಣ ಕ್ರಮದಲ್ಲಿ 113 ಎದ್ದು ನಿಂತಿದ್ದರೆ ಹಿಂದಿನ ಯಾರೋ ಟ್ರೈಫ್ಲೋರೋಅಸಿಟಿಕ್ ಆಮ್ಲ ಓಡಿಸಿಹೋಗಿದ್ದಾರೆ. ಧನ ಕ್ರಮದಲ್ಲಿ 102 ಇದ್ದರೆ ಟ್ರೈಈಥೈಲ್‌ಅಮೀನ್; ಅದನ್ನು ಓಡಿಸಲು ವಾರಗಟ್ಟಲೆ ತೊಳೆಯಬೇಕಾದೀತು.

ಸಿಲಾಕ್ಸೇನ್ ಸ್ವಲ್ಪ ಇದ್ದರೆ ಚಿಂತಿಸಬೇಕಿಲ್ಲ, ಅದು ಎಲ್ಲರ ಪ್ರಯೋಗಾಲಯದಲ್ಲೂ ಇದೆ. ಗ್ಲೈಕಾಲ್ ಏಣಿ ಕಂಡರೆ ಮಾತ್ರ ಮುಂದೆ ಹೋಗಬೇಡಿ. ಆಕರದ ಕೋನ್ (ಅಯಾನುಗಳು ಒಳಹೋಗುವ ದ್ವಾರದ ಶಂಕು), ಪ್ರವೇಶ ಕೊಳವೆ, ಸಿಂಪಡಿಸುವ ಸೂಜಿ ಇವನ್ನು ಕೈಪಿಡಿಯಲ್ಲಿ ಹೇಳಿದಂತೆ ಶುಚಿಮಾಡಿ. ಸೂಜಿಯ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ; ತುದಿ ಸವೆದಿದ್ದರೆ, ಸುತ್ತಲೂ ಲವಣ ಕಟ್ಟಿದ್ದರೆ ಸಿಂಪರಣೆ ಓರೆಯಾಗುತ್ತದೆ.

ಹೆಜ್ಜೆ 3: ಮೊಬೈಲ್ ಫೇಸ್‌ನ ರಸಾಯನ

ದೊಡ್ಡ ಲಾಭಗಳು ಸಿಗುವುದು ಇಲ್ಲಿ. ಆದ್ದರಿಂದ ಸಮಯವನ್ನೂ ಇಲ್ಲಿಯೇ ಕಳೆಯಿರಿ.

ಮೊದಲ ನಿಯಮ ಎಲ್ಲರಿಗೂ ಗೊತ್ತು: ಆವಿಯಾಗದ ಯಾವುದೂ ಬೇಡ. ಫಾಸ್ಫೇಟ್, ಸಿಟ್ರೇಟ್, ಟ್ರಿಸ್, ಸೋಡಿಯಂ ಲವಣಗಳು ಹೊರಗೆ. ಬಫರ್ ಬೇಕಾದರೆ ಅಮೋನಿಯಂ ಫಾರ್ಮೇಟ್ ಪಿಎಚ್ 3.75ರ ಸುತ್ತ, ಅಮೋನಿಯಂ ಅಸಿಟೇಟ್ 4.76ರ ಸುತ್ತ ಕೆಲಸ ಮಾಡುತ್ತವೆ. ಅಮೋನಿಯಾ ಭಾಗಕ್ಕೆ 9.25. ಅಸಿಟೇಟ್ ಹಾಕಿ ಪಿಎಚ್ 7ರಲ್ಲಿ ಬಫರ್ ಮಾಡಿದ್ದೇನೆ ಎನ್ನುವವರು ಸಿಗುತ್ತಾರೆ. ಆ ಪಿಎಚ್‌ನಲ್ಲಿ ಅದು ಬಫರ್ ಅಲ್ಲ, ಬರೀ ಲವಣ.

ಪ್ರಮಾಣ ಕಡಿಮೆಯಿರಲಿ. 10 ಮಿಲಿಮೋಲಾರ್ ಎಂದು ಹಳೆಯ ವಿಧಾನದಲ್ಲಿ ಬರೆದಿದ್ದರೆ 5ಕ್ಕೆ, ಆಮೇಲೆ 2ಕ್ಕೆ ಇಳಿಸಿ ನೋಡಿ. ಪೀಕ್ ಆಕಾರ ಕೆಡದಿದ್ದರೆ ಉಳಿದದ್ದೆಲ್ಲ ಲಾಭವೇ. ಲವಣದ ಅಯಾನುಗಳೂ ಹನಿಯ ಆವೇಶದಲ್ಲಿ ಪಾಲು ಕೇಳುತ್ತವೆ.

ಪ್ರತ್ಯಾಮ್ಲ ಗುಣದ ಅಣುಗಳಿಗೆ, ಅಂದರೆ ಅಮೀನ್ ಇರುವ ಬಹುಪಾಲು ಔಷಧಗಳಿಗೆ, ಶೇ. 0.1 ಫಾರ್ಮಿಕ್ ಆಮ್ಲ ರೂಢಿಯ ಆರಂಭ. ಅದರ ಪಿಎಚ್ ಸುಮಾರು 2.7. ಪದಾರ್ಥದ ಪಿಕೆಎಗಿಂತ (ಅದರ ಅರ್ಧ ಅಣುಗಳು ಪ್ರೋಟಾನ್ ಹೊತ್ತಿರುವ ಪಿಎಚ್‌ಗಿಂತ) ಎರಡು ಅಂಕ ಕೆಳಗಿದ್ದರೆ ಸಾಕು ಎಂಬುದು ಪಠ್ಯದ ಮಾತು. ಆದರೆ ಇಲ್ಲೊಂದು ತಮಾಷೆಯಿದೆ. ಅದೇ ಅಮೀನ್‌ಗಳನ್ನು ಅಮೋನಿಯಾ ಬೆರೆಸಿದ ಪಿಎಚ್ 10ರ ದ್ರಾವಣದಲ್ಲಿ ಓಡಿಸಿದರೆ, ದ್ರಾವಣದಲ್ಲಿ ಆವೇಶವೇ ಇಲ್ಲದ ಅಣು ಧನ ಕ್ರಮದಲ್ಲಿ ಚೆನ್ನಾಗಿ ಕಾಣಿಸುತ್ತದೆ, ಹಲವು ಸಲ ಆಮ್ಲದಲ್ಲಿದ್ದುದಕ್ಕಿಂತಲೂ ಚೆನ್ನಾಗಿ. ಈ ಕ್ಷೇತ್ರದವರು ಇದನ್ನು ತಲೆಕೆಳಗು ಅಯಾನೀಕರಣ ಎನ್ನುತ್ತಾರೆ. ಒಂದು ಕಾರಣ, ಅಮೋನಿಯಂ ಅಯಾನು ಅನಿಲದಲ್ಲಿ ತನ್ನ ಪ್ರೋಟಾನನ್ನು ಹೆಚ್ಚು ಪ್ರತ್ಯಾಮ್ಲೀಯವಾದ ಅಮೀನ್‌ಗೆ ದಾಟಿಸುತ್ತದೆ. ಇನ್ನೊಂದು ಕಾರಣ ಸರಳ: ಆವೇಶ ಕಳೆದುಕೊಂಡ ಅಮೀನ್, ನೀರನ್ನು ದೂರವಿಡುವ ಲೇಪನದ ಸಿ18 ಕಾಲಮ್‌ನಲ್ಲಿ ಹೆಚ್ಚು ಹೊತ್ತು ಹಿಡಿದುಕೊಂಡು, ಹೆಚ್ಚು ಸಾವಯವ ದ್ರಾವಕ ಬಂದಾಗ ಹೊರಬೀಳುತ್ತದೆ. ಹೆಚ್ಚಿನ ಪಿಎಚ್ ತಾಳುವ ಕಾಲಮ್ ಇದ್ದರೆ ಅರ್ಧ ದಿನ ಕೊಟ್ಟು ಇದನ್ನು ನೋಡಿ. ಸಾಧಾರಣ ಸಿಲಿಕಾ ಕಾಲಮ್ ಇದ್ದರೆ ಬೇಡ, ಅದು ಕರಗುತ್ತದೆ.

ಸಾವಯವ ದ್ರಾವಕದ ಮಾತು ಬಂದದ್ದರಿಂದ ಅಲ್ಲಿಯೇ ಸ್ವಲ್ಪ ನಿಲ್ಲೋಣ. ಕೋಣೆಯ ಉಷ್ಣತೆಯಲ್ಲಿ ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಅಸಿಟೋನೈಟ್ರೈಲ್‌ನದು 29ರ ಆಸುಪಾಸು, ಮೆಥನಾಲ್‌ನದು 22. ನೀರಿನ ಹನಿ ಒಡೆಯಲು ಹಟ ಮಾಡುತ್ತದೆ, ಆವಿಯಾಗಲೂ ತಡಮಾಡುತ್ತದೆ. ಹಾಗಾಗಿ ಗ್ರೇಡಿಯೆಂಟ್‌ನ (ನೀರು ತಗ್ಗಿಸುತ್ತಾ ಸಾವಯವ ದ್ರಾವಕ ಏರಿಸುವ ಓಟದ) ಮೊದಲ ನಿಮಿಷದಲ್ಲಿ, ಶೇ. 95 ನೀರಿನಲ್ಲಿ ಹೊರಬರುವ ಅಣು ಅರ್ಧ ಸೋತೇ ಬರುತ್ತದೆ. ಅದನ್ನು ಹೆಚ್ಚು ಹಿಡಿದಿಡುವ ಕಾಲಮ್‌ಗೆ ಬದಲಿಸುವುದು ಒಂದು ದಾರಿ. ಬಹಳ ನೀರುಪ್ರಿಯ ಅಣುವಾದರೆ, ಅಂಥವನ್ನೇ ಹಿಡಿದಿಡುವ ಹಿಲಿಕ್ ಕಾಲಮ್ ಬಳಸಿ. ಅಲ್ಲಿ ಹೊರಬರುವಾಗ ಸುತ್ತ ಶೇ. 70-90 ಅಸಿಟೋನೈಟ್ರೈಲ್ ಇರುವುದರಿಂದ ಸಂಕೇತ ಹಲವು ಪಟ್ಟು ಏರುವುದು ಅಪರೂಪವಲ್ಲ. ಮೂರನೆಯ ದಾರಿ, ಕಾಲಮ್ ದಾಟಿದ ಮೇಲೆ ಟಿ-ಜೋಡಣೆಯ ಮೂಲಕ ಸ್ವಲ್ಪ ಐಸೊಪ್ರೊಪನಾಲ್ ಸೇರಿಸುವುದು. ಹೆಚ್ಚು ಸೇರಿಸಿದರೆ ಸಾಂದ್ರತೆ ಇಳಿದು ಲಾಭವೆಲ್ಲ ಹೋಗುತ್ತದೆ.

ಮೆಥನಾಲ್ ಮೇಲೋ ಅಸಿಟೋನೈಟ್ರೈಲ್ ಮೇಲೋ ಎಂಬ ಪ್ರಶ್ನೆಗೆ ಎರಡನ್ನೂ ಓಡಿಸಿ ನೋಡುವುದೇ ಉತ್ತರ. ಒಂದೇ ದಿನದ ಕೆಲಸ, ಎರಡು ಪಟ್ಟು ವ್ಯತ್ಯಾಸ ಬಂದರೂ ಆಶ್ಚರ್ಯವಿಲ್ಲ.

ಋಣ ಕ್ರಮದಲ್ಲಿ ಕೆಲಸ ಮಾಡುವವರು ಅಭ್ಯಾಸಬಲದಿಂದ ಶೇ. 0.1 ಫಾರ್ಮಿಕ್ ಆಮ್ಲವನ್ನೇ ಹಾಕಿರುತ್ತಾರೆ. ಕಾರ್ಬಾಕ್ಸಿಲಿಕ್ ಆಮ್ಲಗಳು, ಫೀನಾಲ್‌ಗಳು ಪ್ರೋಟಾನ್ ಬಿಡಬೇಕು ಎನ್ನುವಾಗ ಅವುಗಳ ಮೇಲೆ ಪ್ರೋಟಾನ್ ಸುರಿಯುವುದು ಎಷ್ಟು ಸರಿ? ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದಂತೆ. ಆಮ್ಲವನ್ನು ಹತ್ತನೇ ಒಂದು ಪಾಲಿಗೆ ಇಳಿಸಿ, ಅಥವಾ ಅಸಿಟಿಕ್ ಆಮ್ಲಕ್ಕೆ ಬದಲಿಸಿ, ಅಥವಾ ಆಮ್ಲ ಬಿಟ್ಟು ಅಮೋನಿಯಂ ಅಸಿಟೇಟ್ ಬಳಸಿ. ಈಸ್ಟ್ರೋಜನ್‌ನಂಥ ದುರ್ಬಲ ಫೀನಾಲ್‌ಗಳಿಗೆ ಅಮೋನಿಯಂ ಫ್ಲೋರೈಡ್ ಅದ್ಭುತ: 0.2ರಿಂದ 0.5 ಮಿಲಿಮೋಲಾರ್ ಸಾಕು. ಅನಿಲದಲ್ಲಿ ಫ್ಲೋರೈಡ್ ಬಲವಾದ ಪ್ರತ್ಯಾಮ್ಲವಾಗಿ ಪ್ರೋಟಾನ್ ಕಿತ್ತುಕೊಳ್ಳುತ್ತದೆ. ಎರಡು ಎಚ್ಚರ: ಅದನ್ನು ನೀರಿನ ಬಾಟಲಿಗೆ ಮಾತ್ರ ಹಾಕಿ, ಅಸಿಟೋನೈಟ್ರೈಲ್‌ನಲ್ಲಿ ಅದು ಸರಿಯಾಗಿ ಕರಗುವುದಿಲ್ಲ, ಆಮ್ಲದ ಜೊತೆ ಎಂದೂ ಬೆರೆಸಬೇಡಿ, ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟಿ ಸಿಲಿಕಾವನ್ನೂ ಗಾಜನ್ನೂ ತಿನ್ನುತ್ತದೆ.

ಟ್ರೈಫ್ಲೋರೋಅಸಿಟಿಕ್ ಆಮ್ಲ ಪೆಪ್ಟೈಡ್‌ಗಳಿಗೆ ಸುಂದರ ಪೀಕ್ ಕೊಡುತ್ತದೆ, ಸಂಕೇತವನ್ನು ಕೊಲ್ಲುತ್ತದೆ. ಧನ ಅಯಾನನ್ನು ತಬ್ಬಿ ತಟಸ್ಥ ಜೋಡಿಯಾಗಿ ಉಳಿಸುವುದು ಅದರ ಸ್ವಭಾವ. ಬೇಕೇ ಬೇಕೆಂದರೆ ಶೇ. 0.02-0.05ಕ್ಕೆ ಇಳಿಸಿ, ಇಲ್ಲವೇ ಕಾಲಮ್ ನಂತರ ಪ್ರೊಪಿಯಾನಿಕ್ ಆಮ್ಲವನ್ನು ಐಸೊಪ್ರೊಪನಾಲ್‌ನಲ್ಲಿ ಬೆರೆಸಿ ಸೇರಿಸುವ ಹಳೆಯ ಉಪಾಯವನ್ನು ಬಳಸಿ. ನನ್ನನ್ನು ಕೇಳಿದರೆ, ಫಾರ್ಮಿಕ್ ಆಮ್ಲದಲ್ಲೂ ಒಳ್ಳೆಯ ಪೀಕ್ ಕೊಡುವ ಕಾಲಮ್ ಹುಡುಕುವುದು ಇದಕ್ಕಿಂತ ಮೇಲು.

ಹೆಜ್ಜೆ 4: ಪಾಲಾದ ಸಂಕೇತವನ್ನು ಒಟ್ಟುಗೂಡಿಸಿ

ನಿಮ್ಮ ಪದಾರ್ಥದ ಪೂರ್ಣ ಸ್ಕ್ಯಾನ್ ತೆಗೆದು ಪ್ರೋಟಾನ್ ಸೇರಿದ ಪೀಕ್‌ಗಿಂತ 17, 22, 38 ಮೇಲೆ ಏನಿದೆ ನೋಡಿ. ಕ್ರಮವಾಗಿ ಅವು ಅಮೋನಿಯಂ, ಸೋಡಿಯಂ, ಪೊಟ್ಯಾಸಿಯಂ ಅಂಟಿಕೊಂಡ ರೂಪಗಳು. ಅಣುಗಳು ನಾಲ್ಕು ಗುಂಪಾಗಿ ಹಂಚಿಹೋಗಿ ನೀವು ಒಂದನ್ನು ಮಾತ್ರ ಅಳೆಯುತ್ತಿದ್ದರೆ, ಅಯಾನೀಕರಣ ಚೆನ್ನಾಗಿದ್ದೂ ಸಂಕೇತ ಕಾಲುಭಾಗವಾಗಿರುತ್ತದೆ. ಸೋಡಿಯಂ ಜೋಡಿ ಅದರಲ್ಲೂ ತಲೆನೋವು: ಅದು ಒಡೆಯಲು ಒಲ್ಲದು, ಒಡೆದರೂ ಉಪಯುಕ್ತ ತುಣುಕು ಕೊಡದು, ದಿನದಿಂದ ದಿನಕ್ಕೆ ಪ್ರಮಾಣ ಬೇರೆ.

ಸೋಡಿಯಂ ಹೆಚ್ಚಾಗಿ ಗಾಜಿನಿಂದ, ಅಗ್ಗದ ಲವಣದಿಂದ, ಮಾದರಿಯಿಂದ ಬರುತ್ತದೆ. ಎರಡರಿಂದ ಐದು ಮಿಲಿಮೋಲಾರ್ ಅಮೋನಿಯಂ ಫಾರ್ಮೇಟ್ ಹಾಕಿದರೆ ಪೈಪೋಟಿ ಅಮೋನಿಯಂ ಕಡೆಗೆ ವಾಲುತ್ತದೆ. ಪ್ರೋಟಾನ್ ಹಿಡಿದಿಡಲು ಸರಿಯಾದ ಜಾಗವಿಲ್ಲದ ಅಣುಗಳಿಗೆ, ಉದಾಹರಣೆಗೆ ಟ್ರೈಗ್ಲಿಸರೈಡ್‌ಗಳಿಗೆ, ಅಮೋನಿಯಂ ಜೋಡಿಯನ್ನೇ ಗುರಿಯಾಗಿಸಿಕೊಳ್ಳಿ.

ಹೆಜ್ಜೆ 5: ಹರಿವು ಇಳಿಸಿ, ಪೀಕ್ ಕಿರಿದಾಗಿಸಿ

ಸಾಮಾನ್ಯ ಹರಿವುಗಳಲ್ಲಿ ಎಲೆಕ್ಟ್ರೋಸ್ಪ್ರೇ ಸಾಂದ್ರತೆಗೆ ಸ್ಪಂದಿಸುತ್ತದೆ, ಬಂದ ಒಟ್ಟು ಪ್ರಮಾಣಕ್ಕಲ್ಲ. 4.6 ಮಿಲಿಮೀಟರ್ ಅಗಲದ ಕಾಲಮ್‌ಗೆ ಚಿಟಿಕೆ ಮಾದರಿ ಹಾಕುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅದೇ ಉದ್ದದ 2.1 ಮಿಲಿಮೀಟರ್ ಕಾಲಮ್‌ಗೆ ಬಂದರೆ ಅಡ್ಡಕೊಯ್ತದ ವಿಸ್ತೀರ್ಣ 4.8 ಪಟ್ಟು ಕಡಿಮೆ. ಹರಿವನ್ನೂ ನಿಮಿಷಕ್ಕೆ 1 ಮಿಲಿಲೀಟರ್‌ನಿಂದ 0.2ಕ್ಕೆ ಇಳಿಸುತ್ತೀರಿ, ಪೀಕ್‌ನಲ್ಲಿನ ಸಾಂದ್ರತೆ ಸುಮಾರು ಐದು ಪಟ್ಟಾಗುತ್ತದೆ. ಒಂದು ಷರತ್ತಿದೆ, ಇದನ್ನು ಹೇಳಲು ಹಲವರು ಮರೆಯುತ್ತಾರೆ: ಇಂಜೆಕ್ಷನ್ ಪ್ರಮಾಣ ಹಿಂದಿನಷ್ಟೇ ಇರಬೇಕು. ಅದನ್ನೂ ಐದನೇ ಒಂದಕ್ಕೆ ಇಳಿಸಿದರೆ ದ್ರಾವಕ ಉಳಿಯುತ್ತದೆ, ಸೂಕ್ಷ್ಮತೆ ಎಲ್ಲಿತ್ತೋ ಅಲ್ಲೇ.

ಸಣ್ಣ ಕಾಲಮ್‌ಗೆ ಹೆಚ್ಚು ಮಾದರಿ ಹಾಕಿದರೆ ಪೀಕ್ ಹರಡುವುದಿಲ್ಲವೇ? ಮಾದರಿ ಪ್ರಬಲ ದ್ರಾವಕದಲ್ಲಿದ್ದರೆ ಹರಡುತ್ತದೆ. ಗ್ರೇಡಿಯೆಂಟ್ ಆರಂಭದ ದ್ರಾವಣಕ್ಕಿಂತ ದುರ್ಬಲವಾದುದರಲ್ಲಿ, ಅಂದರೆ ಹೆಚ್ಚು ನೀರಿನಲ್ಲಿ ಕರಗಿಸಿದ್ದರೆ ಅಣುಗಳು ಕಾಲಮ್‌ನ ನೆತ್ತಿಯಲ್ಲೇ ಗುಂಪುಗೂಡಿ ನಿಲ್ಲುತ್ತವೆ. ಹಿಲಿಕ್‌ನಲ್ಲಿ ಇದು ತಿರುಗುಮುರುಗು. ಕಾಲಮ್‌ನಿಂದ ಆಕರದವರೆಗಿನ ಕೊಳವೆ ಗಿಡ್ಡವಾಗಿ, ಸುಮಾರು 0.1 ಮಿಲಿಮೀಟರ್ ಒಳವ್ಯಾಸದ್ದಾಗಿರಲಿ. ಪೀಕ್‌ನ ಅಗಲ ಅರ್ಧವಾದರೆ ಎತ್ತರ ಎರಡು ಪಟ್ಟು. ಇದಕ್ಕೆ ಆಕರದ ಯಾವ ಗುಂಡಿಯನ್ನೂ ಮುಟ್ಟಬೇಕಿಲ್ಲ.

ದೊಡ್ಡ ಕಾಲಮ್ ಬಿಡಲಾಗದ ಪರಿಸ್ಥಿತಿಯಿದ್ದರೆ ಕಾಲಮ್ ನಂತರ ಹರಿವನ್ನು ಸೀಳಿ ಐದನೇ ಒಂದು ಭಾಗವನ್ನು ಮಾತ್ರ ಆಕರಕ್ಕೆ ಬಿಡಿ. ಸಾಂದ್ರತೆ ಬದಲಾಗದ್ದರಿಂದ ಸಂಕೇತ ಹೆಚ್ಚುಕಡಿಮೆ ಉಳಿಯುತ್ತದೆ, ಹಲವು ಸಲ ಹೆಚ್ಚುತ್ತದೆ, ಆಕರವೂ ಶುಚಿಯಾಗಿರುತ್ತದೆ.

ನ್ಯಾನೋ ಹರಿವು, ನಿಮಿಷಕ್ಕೆ 200-300 ನ್ಯಾನೋಲೀಟರ್, ಬೇರೆಯೇ ಲೋಕ. ಹನಿಗಳು ಹುಟ್ಟುವಾಗಲೇ ಅಷ್ಟು ಸಣ್ಣವಿರುವುದರಿಂದ ಮೇಲ್ಮೈಯ ನೂಕುನುಗ್ಗಲೇ ತಗ್ಗುತ್ತದೆ. ಸಕ್ಕರೆಯಂಥ ಹಿಂದುಳಿದ ಅಣುವಿಗೂ ಸರದಿ ಸಿಗುತ್ತದೆ, ಲವಣದ ಹಾವಳಿಯೂ ಕಡಿಮೆ. ಆದರೆ ಸೂಜಿ ಕಟ್ಟಿಕೊಳ್ಳುವುದು, ಸೋರಿಕೆ ಕಣ್ಣಿಗೆ ಕಾಣದಿರುವುದು, ಒಂದು ಓಟಕ್ಕೆ ಒಂದು ಗಂಟೆ ಹಿಡಿಯುವುದು ಇವೆಲ್ಲ ಜೊತೆಗೆ ಬರುತ್ತವೆ. ಮಾದರಿ ಒಂದೆರಡು ಮೈಕ್ರೋಲೀಟರ್ ಮಾತ್ರ ಇದ್ದರೆ ಅದಕ್ಕೆ ಹೋಗಿ. ದಿನಕ್ಕೆ ನೂರು ಮಾದರಿ ಓಡಿಸುವವರು 1 ಮಿಲಿಮೀಟರ್ ಕಾಲಮ್‌ವರೆಗೆ ಬಂದು ನಿಲ್ಲುವುದು ಲೇಸು.

ಹೆಜ್ಜೆ 6: ಅದುಮುವವರನ್ನು ಪತ್ತೆಹಚ್ಚಿ

ಪ್ಲಾಸ್ಮಾ, ಮೂತ್ರ, ಮಣ್ಣು, ಆಹಾರದ ಸಾರ ಏನೇ ಇರಲಿ, ನಿಮ್ಮ ಪದಾರ್ಥದ ಜೊತೆಗೇ ಹೊರಬರುವ ಕಾಣದ ಪದಾರ್ಥಗಳು ಅದರ ಜಾಗ ಕಬಳಿಸುತ್ತವೆ. ಎಂಎಸ್-ಎಂಎಸ್ (ಆರಿಸಿದ ಅಯಾನನ್ನು ಒಡೆದು ತುಣುಕನ್ನು ಅಳೆಯುವ ವಿಧಾನ) ಬಳಸಿದರೆ ಕ್ರೊಮಾಟೊಗ್ರಾಮ್ ಅಚ್ಚುಕಟ್ಟಾಗಿ ಕಾಣುವುದರಿಂದ ಇವು ಕಣ್ಣಿಗೇ ಬೀಳುವುದಿಲ್ಲ. ಕಾಣಿಸಿಕೊಳ್ಳುವಂತೆ ಮಾಡುವ ಪರೀಕ್ಷೆ ಸರಳ, ಆದರೂ ಮಾಡುವವರು ಕಡಿಮೆ.

ಕಾಲಮ್ ಮತ್ತು ಆಕರದ ನಡುವೆ ಟಿ-ಜೋಡಣೆ ಹಾಕಿ. ಸಿರಿಂಜ್ ಪಂಪ್‌ನಿಂದ ನಿಮ್ಮ ಪದಾರ್ಥದ ದ್ರಾವಣವನ್ನು ನಿಮಿಷಕ್ಕೆ 5-10 ಮೈಕ್ರೋಲೀಟರ್‌ನಂತೆ ಸತತವಾಗಿ ಬಿಡಿ. ಪರದೆಯ ಮೇಲೆ ಮಟ್ಟಸವಾದ ಗೆರೆ ಬರುತ್ತದೆ. ಈಗ ಮಾದರಿ ಸಂಸ್ಕರಿಸುವಂತೆಯೇ ಸಂಸ್ಕರಿಸಿದ, ಪದಾರ್ಥವಿಲ್ಲದ ಖಾಲಿ ಸಾರವನ್ನು ಕಾಲಮ್‌ಗೆ ಇಂಜೆಕ್ಟ್ ಮಾಡಿ ಮಾಮೂಲು ಗ್ರೇಡಿಯೆಂಟ್ ಓಡಿಸಿ. ಗೆರೆ ಎಲ್ಲಿ ಕುಸಿಯುತ್ತದೋ ಅಲ್ಲಿ ಅದುಮುವವರು ಹೊರಬರುತ್ತಿದ್ದಾರೆ. ಮೊದಲ ಹಳ್ಳ ಲವಣಗಳದ್ದು, ಕಾಲಮ್ ಹಿಡಿಯದ ಎಲ್ಲವೂ ಹೊರಬೀಳುವ ಹೊತ್ತಿನದು. ಪ್ಲಾಸ್ಮಾ ಆಗಿದ್ದರೆ ಗ್ರೇಡಿಯೆಂಟ್‌ನ ಕೊನೆಯ ಭಾಗದಲ್ಲಿ ಇನ್ನೊಂದು ಅಗಲವಾದ ಹಳ್ಳ ಕಾಣುತ್ತದೆ, ಅದು ಫಾಸ್ಫೋಲಿಪಿಡ್‌ಗಳದು. ಅವು ಒಡೆದಾಗ ಕೊಡುವ 184 ತುಣುಕನ್ನು ಹಿಂಬಾಲಿಸಿದರೆ ಅವು ಎಲ್ಲಿಂದ ಎಲ್ಲಿಯವರೆಗೆ ಬರುತ್ತವೆ ಎಂದು ನೇರವಾಗಿಯೇ ನೋಡಬಹುದು.

ಹಳ್ಳದ ಆಳವನ್ನು ಸಂಖ್ಯೆಯಲ್ಲಿ ತಿಳಿಯಲು ಹೆಜ್ಜೆ 1ರ ಮೂರನೆಯ ದ್ರಾವಣದ ಪೀಕ್ ವಿಸ್ತೀರ್ಣವನ್ನು ಎರಡನೆಯದರಿಂದ ಭಾಗಿಸಿ. ಒಂದು ಬಂದರೆ ಪರಿಣಾಮವಿಲ್ಲ, 0.3 ಬಂದರೆ ನೂರರಲ್ಲಿ ಎಪ್ಪತ್ತು ಪಾಲು ಹೋಯಿತು. ಒಂದೇ ಮೂಲದ ಖಾಲಿ ಮಾದರಿ ಸಾಲದು, ಆರು ಬೇರೆ ಬೇರೆ ಮೂಲಗಳಲ್ಲಿ ಮಾಡಿ.

ಪರಿಹಾರಗಳಲ್ಲಿ ಅತ್ಯಂತ ಅಗ್ಗದ್ದು ಪೀಕ್‌ನ ಜಾಗ ಬದಲಿಸುವುದು. ಗ್ರೇಡಿಯೆಂಟ್ ಇಳಿಜಾರನ್ನು ಸ್ವಲ್ಪ ತಗ್ಗಿಸಿ, ಪಿಎಚ್ ಬದಲಿಸಿ, ಹಳ್ಳದಿಂದ ಅರ್ಧ ನಿಮಿಷ ಆಚೆ ಸರಿಸಿದರೆ ಸಾಕಾಗುತ್ತದೆ. ಎರಡನೆಯದು ಕೇಳಲು ವಿಚಿತ್ರ: ಮಾದರಿಯನ್ನು ಹತ್ತು ಪಟ್ಟು ತೆಳುಮಾಡಿ. ಅದುಮುವಿಕೆ ತೀವ್ರವಾಗಿದ್ದಲ್ಲಿ ಪದಾರ್ಥ ಹತ್ತನೇ ಒಂದಾದರೂ ಸಂಕೇತ ಅಷ್ಟು ಇಳಿಯುವುದಿಲ್ಲ, ಗದ್ದಲವೂ ತಗ್ಗುತ್ತದೆ. ಇವೆರಡೂ ಸಾಲದಾದಾಗ ಸಂಸ್ಕರಣೆಯನ್ನು ಮೇಲೇರಿಸಿ. ಅಸಿಟೋನೈಟ್ರೈಲ್ ಹಾಕಿ ಪ್ರೋಟೀನ್ ಕೂರಿಸುವುದು ಫಾಸ್ಫೋಲಿಪಿಡ್‌ಗಳನ್ನು ಬಹುಪಾಲು ಹಾಗೆಯೇ ಬಿಡುತ್ತದೆ. ದ್ರವ-ದ್ರವ ನಿಷ್ಕರ್ಷಣೆ ಅಥವಾ ಅಯಾನು ವಿನಿಮಯ ಗುಣವೂ ಇರುವ ಘನ ಹಂತದ ಕಾರ್ಟ್ರಿಜ್ ಅವನ್ನು ಹಿಂದೆ ಬಿಡುತ್ತದೆ.

ಐಸೊಟೋಪ್ ಗುರುತಿನ ಆಂತರಿಕ ಮಾನಕ (ಗೊತ್ತಿರುವ ಪ್ರಮಾಣದಲ್ಲಿ ಮಾದರಿಗೆ ಬೆರೆಸುವ, ಭಾರದ ಪರಮಾಣುಗಳುಳ್ಳ ಅದೇ ಪದಾರ್ಥ) ಹಾಕಿದ್ದೇನಲ್ಲ ಎನ್ನಬೇಡಿ. ಅದು ಲೆಕ್ಕವನ್ನು ಸರಿಪಡಿಸುತ್ತದೆ, ಕಳೆದುಹೋದ ಅಯಾನುಗಳನ್ನು ಮರಳಿ ತರುವುದಿಲ್ಲ. ಡ್ಯೂಟೀರಿಯಂ ಹೆಚ್ಚಿರುವ ಮಾನಕಗಳು ಸ್ವಲ್ಪ ಮೊದಲೇ ಹೊರಬರುವುದೂ ಉಂಟು. ಹಳ್ಳದ ದಡದಲ್ಲಿ ಪೀಕ್ ಇದ್ದರೆ ಆ ಕೆಲವೇ ಸೆಕೆಂಡುಗಳ ಅಂತರ ಲೆಕ್ಕವನ್ನೂ ತಪ್ಪಿಸುತ್ತದೆ. ಕಾರ್ಬನ್-13 ಗುರುತಿನವು ಈ ವಿಷಯದಲ್ಲಿ ಪ್ರಾಮಾಣಿಕ.

ಹೆಜ್ಜೆ 7: ಈಗ ಗುಂಡಿಗಳು

ಸಿರಿಂಜ್‌ನಿಂದ ಮಾತ್ರ ಪದಾರ್ಥ ಬಿಟ್ಟು ನಿಮಿಷಕ್ಕೆ 10 ಮೈಕ್ರೋಲೀಟರ್‌ನಲ್ಲಿ ಸೆಟ್ಟಿಂಗ್ ಹುಡುಕಿ, ಅದನ್ನೇ 400 ಮೈಕ್ರೋಲೀಟರ್ ಹರಿವಿಗೆ ಹಾಕುವುದು ಸಾಮಾನ್ಯ ತಪ್ಪು. ಟಿ-ಜೋಡಣೆ ಹಾಗೆಯೇ ಇರಲಿ. ಪಂಪ್ ನಿಜವಾದ ಹರಿವಿನಲ್ಲಿ, ನಿಮ್ಮ ಪೀಕ್ ಹೊರಬರುವ ಗಳಿಗೆಯ ದ್ರಾವಕ ಮಿಶ್ರಣವನ್ನೇ ಕೊಡುತ್ತಿರಲಿ.

ಮೊದಲು ಕೋನ್ ವೋಲ್ಟೇಜ್. ಕೆಲವು ಉಪಕರಣಗಳಲ್ಲಿ ಇದರ ಹೆಸರು ಡಿಕ್ಲಸ್ಟರಿಂಗ್ ಪೊಟೆನ್ಶಿಯಲ್, ಇನ್ನು ಕೆಲವದರಲ್ಲಿ ಫ್ರಾಗ್ಮೆಂಟರ್. ಕಡಿಮೆಯಾದರೆ ದ್ರಾವಕ ಅಂಟಿಕೊಂಡಿರುತ್ತದೆ, ಹೆಚ್ಚಾದರೆ ಅಣು ಒಳಗೆ ಹೋಗುವ ಮುನ್ನವೇ ಒಡೆಯುತ್ತದೆ. ಗ್ಲುಕುರೊನೈಡ್‌ನಂಥ ಸೂಕ್ಷ್ಮ ಜೋಡಣೆಗಳು ಇಲ್ಲಿಯೇ ಕಳಚಿಬೀಳುತ್ತವೆ. ಆಮೇಲೆ ಸೂಜಿಯ ಸ್ಥಾನ: ಹರಿವು ಹೆಚ್ಚಿದ್ದರೆ ದ್ವಾರದಿಂದ ದೂರ, ಕಡಿಮೆಯಿದ್ದರೆ ಹತ್ತಿರ. ಆಮೇಲೆ ಸಿಂಪರಣೆಯ ಅನಿಲ ಮತ್ತು ಒಣಗಿಸುವ ಅನಿಲದ ಬಿಸಿ. ನೀರು ಹೆಚ್ಚಿದ್ದು ಹರಿವೂ ಹೆಚ್ಚಿದ್ದರೆ ಇವೆರಡೂ ಹೆಚ್ಚು ಬೇಕು. ಬಿಸಿ ಏರಿಸಿದಾಗ ಸಂಕೇತ ಇಳಿದರೆ ಅಣು ಸುಡುತ್ತಿದೆಯೋ ಎಂದು ಅನುಮಾನಿಸಿ.

ವೋಲ್ಟೇಜ್ ಕೊನೆಗೆ. 500 ವೋಲ್ಟ್ ಹೆಜ್ಜೆಗಳಲ್ಲಿ ಏರಿಸುತ್ತಾ ಹೋದರೆ ಸಂಕೇತ ಒಂದು ಮಟ್ಟ ತಲುಪಿ ಸಮತಟ್ಟಾಗುತ್ತದೆ. ತುತ್ತತುದಿ ಆರಿಸಬೇಡಿ, ಸಮತಟ್ಟಿನ ನಡುಭಾಗ ಆರಿಸಿ. ನಾಳೆ ಸೂಜಿ ಸ್ವಲ್ಪ ಕೊಳೆಯಾದರೂ ಅಲ್ಲಿ ಫಲಿತಾಂಶ ಅಲುಗಾಡುವುದಿಲ್ಲ. ಋಣ ಕ್ರಮದಲ್ಲಿ ಇನ್ನೂ ಕಡಿಮೆ ಇಡಿ. ಅಲ್ಲಿ ಸೂಜಿಯ ತುದಿಯಿಂದ ಅನಿಲಕ್ಕೇ ವಿದ್ಯುತ್ ಸೋರುವ ಕೊರೋನಾ ವಿಸರ್ಜನೆ ಬೇಗ ಶುರುವಾಗುತ್ತದೆ. ಸಿಂಪರಣೆಯ ವಿದ್ಯುತ್ ಪ್ರವಾಹ ಥಟ್ಟನೆ ಜಿಗಿಯುವುದು, ಸಂಕೇತ ಕುಣಿಯುವುದು ಅದರ ಗುರುತು. ಸ್ವಲ್ಪ ಐಸೊಪ್ರೊಪನಾಲ್ ಬೆರೆಸಿದರೆ ಕಡಿಮೆ ವೋಲ್ಟೇಜ್‌ನಲ್ಲೇ ಸಿಂಪರಣೆ ಸ್ಥಿರವಾಗಿ ನಡೆಯುತ್ತದೆ. ಪ್ರತಿ ಬದಲಾವಣೆಯಲ್ಲೂ ಗೆರೆಯ ಎತ್ತರದ ಜೊತೆಗೆ ಅದರ ನಡುಕವನ್ನೂ ನೋಡಿ. ಎತ್ತರವಾಗಿದ್ದು ನಡುಗುವ ಗೆರೆಗಿಂತ, ನೂರರಲ್ಲಿ ಹತ್ತು ಪಾಲು ಕೆಳಗಿದ್ದರೂ ನೇರವಾಗಿರುವ ಗೆರೆಯೇ ಬೇಕು.

ಹೆಜ್ಜೆ 8: ಎಲೆಕ್ಟ್ರೋಸ್ಪ್ರೇ ಒಲಿಯದಿದ್ದಾಗ

ಸ್ಟೀರಾಲ್‌ಗಳು, ಕೊಬ್ಬಿನಲ್ಲಿ ಕರಗುವ ವಿಟಮಿನ್‌ಗಳು, ಹಲವು ಉಂಗುರಗಳ ಹೈಡ್ರೋಕಾರ್ಬನ್‌ಗಳು ಆವೇಶ ಹೊರಲು ಒಪ್ಪುವುದಿಲ್ಲ. ಇವುಗಳ ಜೊತೆ ಎಲೆಕ್ಟ್ರೋಸ್ಪ್ರೇಯಲ್ಲಿ ಗುದ್ದಾಡಬೇಡಿ. ಎಪಿಸಿಐ (ವಾತಾವರಣದ ಒತ್ತಡದಲ್ಲಿ ರಾಸಾಯನಿಕ ಅಯಾನೀಕರಣ) ಆಕರದಲ್ಲಿ ಮೊದಲು ಎಲ್ಲವನ್ನೂ ಆವಿಮಾಡಿ, ಆಮೇಲೆ ಕೊರೋನಾ ಸೂಜಿಯಿಂದ ಹುಟ್ಟಿದ ದ್ರಾವಕದ ಅಯಾನುಗಳು ಪ್ರೋಟಾನ್ ದಾಟಿಸುತ್ತವೆ. ಮೇಲ್ಮೈಯ ನೂಕುನುಗ್ಗಲು ಇಲ್ಲದ್ದರಿಂದ ಅದುಮುವಿಕೆಯೂ ಸಾಮಾನ್ಯವಾಗಿ ಕಡಿಮೆ. ಇಲ್ಲಿ ದ್ರಾವಕದ ಆಯ್ಕೆಗೆ ಸ್ಪಷ್ಟ ತರ್ಕವಿದೆ. ಪ್ರೋಟಾನ್ ಒಲವು ಮೆಥನಾಲ್‌ಗೆ ಮೋಲ್‌ಗೆ 754 ಕಿಲೋಜೌಲ್, ಅಸಿಟೋನೈಟ್ರೈಲ್‌ಗೆ 779. ನಿಮ್ಮ ಅಣುವಿನದು ಇವೆರಡರ ನಡುವೆ ಇದ್ದರೆ ಅಸಿಟೋನೈಟ್ರೈಲ್ ಪ್ರೋಟಾನನ್ನು ತಾನೇ ಇಟ್ಟುಕೊಳ್ಳುತ್ತದೆ; ಮೆಥನಾಲ್‌ಗೆ ಬದಲಿಸಿದರೆ ಪೀಕ್ ಎದ್ದುಬರುತ್ತದೆ. ಹೈಡ್ರೋಕಾರ್ಬನ್‌ಗಳಿಗೆ ಬೆಳಕಿನ ಅಯಾನೀಕರಣ, ಕ್ರಿಪ್ಟಾನ್ ದೀಪ ಮತ್ತು ಸ್ವಲ್ಪ ಟಾಲ್ಯೂಯಿನ್ ಜೊತೆಗೆ, ಇನ್ನೂ ಒಳ್ಳೆಯದು.

ಉಳಿದ ದಾರಿ ಅಣುವಿಗೇ ಬಾಲ ಕಟ್ಟುವುದು. ಈಸ್ಟ್ರೋಜನ್‌ನ ಫೀನಾಲ್‌ಗೆ ಡ್ಯಾನ್ಸೈಲ್ ಕ್ಲೋರೈಡ್ ಕೂಡಿಸಿದರೆ ಪ್ರೋಟಾನ್ ಹಿಡಿಯುವ ಅಮೀನ್ ಒಂದು ಸೇರಿಕೊಂಡು ಧನ ಕ್ರಮದಲ್ಲಿ ಬಲವಾದ ಪೀಕ್ ಬರುತ್ತದೆ. ಕೀಟೋನ್‌ಗಳಿಗೆ ಜಿರಾರ್ಡ್ ಕಾರಕ ಶಾಶ್ವತ ಧನ ಆವೇಶವನ್ನೇ ಅಂಟಿಸುತ್ತದೆ. ಪತ್ತೆಮಿತಿ ಹತ್ತು ಪಟ್ಟಿಗಿಂತಲೂ ಕೆಳಗಿಳಿಯುವುದು ಇಲ್ಲಿ ಸಾಮಾನ್ಯ. ಆದರೆ ಎಲ್ಲ ಡ್ಯಾನ್ಸೈಲ್ ಜೋಡಿಗಳೂ ಒಡೆದಾಗ 171 ಎಂಬ ಅದೇ ತುಣುಕನ್ನು ಕೊಡುತ್ತವೆ, ಹಾಗಾಗಿ ಕಾಲಮ್‌ನಲ್ಲಿ ಬೇರ್ಪಡಿಕೆ ಚೆನ್ನಾಗಿರಲೇಬೇಕು. ಉಳಿದ ಕಾರಕವೂ ಸಾವಿರಾರು ಪಟ್ಟು ಹೆಚ್ಚು ಪ್ರಮಾಣದಲ್ಲಿ ಕಾಲಮ್ ಇಳಿದು ಬರುತ್ತದೆ. ಅದು ಯಾವ ನಿಮಿಷದಲ್ಲಿ ಹೊರಬೀಳುತ್ತದೆ ಎಂದು ಮೊದಲ ಓಟದಲ್ಲೇ ಗುರುತಿಸಿ, ಆ ಅವಧಿಯಲ್ಲಿ ಕವಾಟವನ್ನು ತ್ಯಾಜ್ಯದ ಕಡೆಗೆ ತಿರುಗಿಸುವಂತೆ ವಿಧಾನದಲ್ಲಿ ಬರೆದಿಡಿ. ಇಲ್ಲವಾದರೆ ಇಪ್ಪತ್ತನೆಯ ಇಂಜೆಕ್ಷನ್ ಹೊತ್ತಿಗೆ ರಿಸರ್ಪಿನ್ ಮತ್ತೆ ಕುಸಿಯುತ್ತದೆ, ನೀವು ಹೆಜ್ಜೆ 2ರಲ್ಲಿ ಕೋನ್ ಉಜ್ಜುತ್ತಿರುತ್ತೀರಿ.